ದೀಪದ ಮಾಡದ ಫೋನು

ಬೆಟಗೇರಿಯ ಮಗ್ಗದ ಓಣಿಯಲ್ಲಿ ಫೋನಿಗೆ ಗಂಟೆ ಇದ್ದರೆಷ್ಟು, ಬಿಟ್ಟರೆಷ್ಟು! ಮನೆಮನೆಯಲ್ಲೂ ಮೋಟರ್ ಮಗ್ಗಗಳು ಒಟ್ಟಿಗೆ ಬಡಿಯತೊಡಗಿದರೆ ಪಕ್ಕದಲ್ಲಿ ನಿಂತವನು ಗಂಟಲು ಹರಿದುಕೊಂಡರೂ ಕೇಳುವುದಿಲ್ಲ. ಇನ್ನು ಅಂಗೈಯಗಲದ ಫೋನಿನ ಕೂಗು ಯಾರ ಕಿವಿಗೆ ಬಿದ್ದೀತು? ಕಿಸೆಯಲ್ಲಿಟ್ಟು ನಡುಗಿಸೋಣ ಎಂದರೆ ಮಗ್ಗದ ಮುಂದೆ ನಿಂತವನ ಮೈಯೇ ದಿನವಿಡೀ ನಡುಗುತ್ತಿರುತ್ತದೆ. ಅದಕ್ಕೇ ಇಲ್ಲಿಯವರು ಫೋನನ್ನು ಕಣ್ಣಿಗೆ ಕಾಣುವ ಕಡೆ ಇಡುತ್ತಾರೆ. ಸ್ಕ್ರೀನು ಬೆಳಗಿತೋ, ಮಗ್ಗ ನಿಲ್ಲಿಸಿ ಫೋನು ಹಿಡಿದು ಹೊರಗೆ ಓಡುತ್ತಾರೆ. ಮನೆಯವರ ಮಾತೂ ಅಷ್ಟೇ, ತುಟಿ ನೋಡಿ, ಕೈ ನೋಡಿ ತಿಳಿದುಕೊಳ್ಳುವುದು. ಈ ಓಣಿಯವರಿಗೆ ಕಿವಿ ಇರುವುದು ಓಲೆ ಹಾಕಿಕೊಳ್ಳುವುದಕ್ಕೆ ಎಂದು ಹೊರಗಿನವರು ಚಾಷ್ಟಿ ಮಾಡುತ್ತಾರೆ. ಮಾಡಲಿ ಬಿಡಿ, ಅವರೇನು ಬಂದು ನೇಯುತ್ತಾರೆಯೇ?

ಕೊಟ್ರೇಶನ ಮನೆಯಲ್ಲಿ ಫೋನಿನ ಜಾಗ ಗೋಡೆಯ ಮಾಡ. ಕರೆಂಟು ಬಾರದ ಕಾಲದಲ್ಲಿ ಎಣ್ಣೆದೀಪ ಇಡುತ್ತಿದ್ದ ಸಣ್ಣ ಗೂಡು ಅದು. ಮೇಲಿನ ಕಲ್ಲು ಇನ್ನೂ ಮಸಿ ಹಿಡಿದು ಕಪ್ಪಗಿದೆ. ಪಕ್ಕದಲ್ಲೇ ಪ್ಲಗ್ಗು. ಫೋನು ಹಳೆಯದು, ಅದರ ಬ್ಯಾಟರಿ ಇದ್ದೂ ಸತ್ತ ಹಾಗೆ. ಚಾರ್ಜರಿನ ವಾಯರು ಕಿತ್ತರೆ ಒಂದು ಚಾ ಕುಡಿಯುವಷ್ಟರಲ್ಲಿ ಆರಿಹೋಗುತ್ತದೆ. ಹಾಗಾಗಿ ಸದಾ ವಾಯರು ಚುಚ್ಚಿಸಿಕೊಂಡೇ ಮಾಡದಲ್ಲಿ ಗೋಡೆಗೊರಗಿ ನಿಂತಿರುತ್ತದೆ. ಕೊಟ್ರೇಶನ ಕಿಸೆಯಲ್ಲಿ ಬೇರೆ ಹೊಸ ಫೋನಿತ್ತು. ಆದರೆ ಮಾಡದ ಫೋನನ್ನಾಗಲಿ, ಅದರ ನಂಬರನ್ನಾಗಲಿ ಬದಲಿಸುವ ಮಾತು ಆ ಮನೆಯಲ್ಲಿ ಯಾರೂ ಎತ್ತುವ ಹಾಗಿರಲಿಲ್ಲ. ಅವನ ಅಪ್ಪ ದ್ಯಾಮಪ್ಪನಿಗೆ ಕಲಿಸಿದ್ದ ನಂಬರು ಅದೊಂದೇ.

ದ್ಯಾಮಪ್ಪ ಕೈಮಗ್ಗದ ಕಾಲದ ನೇಕಾರ. ಸೀರೆಯ ದಡಿಗೆ ಎಳೆ ಎಣಿಸುವಾಗ ಬಾಯಿಲೆಕ್ಕ ತಪ್ಪದಿರಲಿ ಎಂದು ಒಂದು ರಾಗ ಕಟ್ಟಿಕೊಂಡಿದ್ದ. ಎರಡು ಎತ್ತು, ನಾಲ್ಕು ಬಿಡು, ಮೂರು ಎತ್ತು ಎಂದು ಮೊಣಕಾಲು ತಟ್ಟಿಕೊಳ್ಳುತ್ತಾ ಹಾಡುವವನು. ವಯಸ್ಸಾದ ಮೇಲೆ ಮರೆವು ಹತ್ತಿತು. ಮೊದಲು ಚಪ್ಪಲಿ ಮರೆತ, ಆಮೇಲೆ ಊಟ ಮಾಡಿದ್ದು ಮರೆತ, ಆಮೇಲೆ ಸೊಸೆ ಶಾಂಭವಿಯನ್ನು ಕರೆದು, "ನೀ ಯಾರ ಮಗಳ ಬೇ, ತಂಗಿ?" ಎಂದು ಕೇಳಿದ. ಒಮ್ಮೆ ಸಂತೆಗೆ ಹೋದವನು ಮನೆಯ ದಾರಿಯನ್ನೇ ಮರೆತು ಗದಗದ ಸ್ಟೇಷನ್ನಿನ ಮುಂದೆ ಕೂತುಬಿಟ್ಟಿದ್ದ. ಆವತ್ತು ಅವನ ಹೆಂಡತಿ ಗುರುಸಿದ್ದವ್ವ ಒಂದು ಉಪಾಯ ಮಾಡಿದಳು. ಫೋನಿನ ನಂಬರನ್ನು ಆ ದಡಿಯ ರಾಗಕ್ಕೇ ಕೂಡಿಸಿದಳು.

ಬೆಳಿಗ್ಗೆ ಚಾ ಕೊಡುವ ಮುಂಚೆ ಗಂಡನ ಎದುರು ಕೂತು ಅವನ ಮೊಣಕಾಲ ಮೇಲೆ ತಾಳ ತಟ್ಟುತ್ತಾ ನಂಬರು ಹಾಡಿಸುವುದು, ಅವನು ಮುಗಿಸಿದರೆ ಚಾ. ಗುರುಸಿದ್ದವ್ವನ ಕಿವಿಯನ್ನು ಮಗ್ಗ ತಿಂದುಹಾಕಿ ಎಷ್ಟೋ ವರ್ಷವಾಗಿತ್ತು. ಸಿಡಿಲು ಬಡಿದರೂ ಕೇಳದಷ್ಟು ಕೆಪ್ಪು. ಆದರೇನು, ಗಂಡನ ತುಟಿ ನೋಡಿದರೆ ಆಕೆಗೆ ರಾಗವೂ ತಿಳಿಯುತ್ತಿತ್ತು. ದ್ಯಾಮಪ್ಪ ನಾಲ್ಕು ಅಂಕಿ ಸರಿಯಾಗಿ ಹಾಡುವನು, ಐದನೆಯದಕ್ಕೆ ದಡಿಯ ಎಳೆಗಳೊಳಗೆ ಜಾರಿಬಿಡುವನು. "ಅಯ್ಯ, ಮತ್ತ ಸೀರಿ ನೇಯಾಕ ಹೋದ್ರಿ?" ಎಂದು ಆಕೆ ಬೈಯುವಳು, ಅವನು ನಗುವನು. ಚಾ ಆರುತ್ತಿತ್ತು. ಕಡೆಗೆ ಆಕೆಯೇ ಸೋತು ಕಪ್ಪು ಕೈಗಿಡುವಳು. ಒಂದು ದಿನವಾದರೂ ಅವನು ನಂಬರನ್ನು ಪೂರಾ ಹೇಳಿದ್ದಿಲ್ಲ.

"ಬಿಡ ಯವ್ವಾ, ಅಪ್ಪನ ತಲಿಯಾಗ ಅದು ನಿಂದ್ರೂದಿಲ್ಲ," ಎಂದು ಕೊಟ್ರೇಶ ಹೇಳುತ್ತಿದ್ದ.

"ನಿಂದ್ರತೈತಿ. ತಡಾ ಆಗತೈತಿ ಅಷ್ಟ," ಎನ್ನುತ್ತಿದ್ದಳು ಗುರುಸಿದ್ದವ್ವ.

ಹೋದ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ದ್ಯಾಮಪ್ಪ ಗಡ್ಡ ಕೆರೆಸಿಕೊಂಡು ಬರುತ್ತೇನೆಂದು ಓಣಿ ದಾಟಿದವನು ಹಿಂತಿರುಗಲಿಲ್ಲ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಂಡೆವು ಎಂದರು ಯಾರೋ. ಮುಳಗುಂದದಲ್ಲಿ ಇಳಿದ ಎಂದರು ಇನ್ಯಾರೋ. ಕೊಟ್ರೇಶ ಮಗ್ಗ ನಿಲ್ಲಿಸಿ ಊರೂರು ಅಲೆದ. ಶಿರಹಟ್ಟಿ ತಿರುಗಿದ, ಬಾಳೆಹೊಸೂರಿನ ಮಠದಲ್ಲಿ ಪ್ರಸಾದಕ್ಕೆ ಕೂತ ಪಂಕ್ತಿಯಲ್ಲಿ ಒಬ್ಬೊಬ್ಬರ ಮುಖ ನೋಡುತ್ತಾ ನಡೆದ. ಪೊಲೀಸರಿಗೆ ಕೊಟ್ಟದ್ದಾಯಿತು, ಪೇಪರಿಗೆ ಹಾಕಿಸಿದ್ದಾಯಿತು, ಬಸ್‌ಸ್ಟ್ಯಾಂಡಿನ ಗೋಡೆಗಳಿಗೆ ಫೋಟೊ ಅಂಟಿಸಿ ಕೆಳಗೆ ಈ ನಂಬರು ಬರೆಸಿದ್ದಾಯಿತು. ಮೊದಮೊದಲು ಫೋನು ಬಂದವು. ಅಡರಕಟ್ಟಿಯಲ್ಲಿ ಒಬ್ಬ ಮುದುಕ ಸಿಕ್ಕಿದ್ದಾನೆ ಎಂದಾಗ ಕೊಟ್ರೇಶ ಕಾಲಿಗೆ ಚಪ್ಪಲಿ ಇಲ್ಲದೆ ಓಡಿದ್ದ. ಅವನು ಬೇರೆ ಯಾರದೋ ಅಪ್ಪ. ಬರಬರುತ್ತಾ ಫೋನೂ ನಿಂತವು. ಮಳೆ ಗಾಳಿಗೆ ಫೋಟೊ ಹರಿದುಹೋದವು. ಇನ್ನೆಷ್ಟು ದಿನ ಎಂದು ನೆಂಟರು ಬಾಯಿಬಿಟ್ಟು ಕೇಳತೊಡಗಿದರು.

ಗುರುಸಿದ್ದವ್ವ ಮಾತ್ರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಳು. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ಮನೆಯಲ್ಲಿ ಆಕೆಯ ಕೆಲಸ. ತನ್ನ ರಾಟೆಯನ್ನು ಮಾಡದ ಎದುರಿಗೇ ಎಳೆದುಕೊಂಡಳು. ಕೈ ರಾಟೆಯಲ್ಲಿ, ಕಣ್ಣು ಮಾಡದಲ್ಲಿ. ಮಗ್ಗದ ಮುಂದಿದ್ದ ಕೊಟ್ರೇಶನಿಗೂ ಶಾಂಭವಿಗೂ ಮಾಡದ ಕಡೆ ಬೆನ್ನು. ಆ ಮನೆಗೆ ಹೊರಗಿನ ಸುದ್ದಿ ಬರಬೇಕಾದದ್ದು ಆ ಎರಡು ಮುದಿ ಕಣ್ಣುಗಳ ಮೂಲಕವೇ.

ಅಷ್ಟೇ ಆಗಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಆ ಹಾಳು ಫೋನಿಗೆ ಒಂದು ಚಾಳಿ ಇತ್ತು. ಓಣಿಯಲ್ಲಿ ಯಾರೋ ಮೋಟರು ಚಾಲೂ ಮಾಡಿದರೆ ಕರೆಂಟು ಒಮ್ಮೆ ಕುಸಿದು ಮತ್ತೆ ಎದ್ದು ನಿಲ್ಲುತ್ತದೆ, ಬಲ್ಬು ಮಿಟುಕುತ್ತದೆ. ಅಷ್ಟಕ್ಕೇ ಫೋನು ತನ್ನನ್ನು ಈಗಷ್ಟೇ ಯಾರೋ ಚಾರ್ಜಿಗೆ ಹಾಕಿದರೆಂದುಕೊಂಡು ಟಕ್ಕನೆ ಸ್ಕ್ರೀನು ಬೆಳಗಿಸಿ ಬ್ಯಾಟರಿಯ ಚಿತ್ರ ತೋರಿಸುತ್ತದೆ. ಮಗ್ಗದ ಓಣಿಯಲ್ಲಿ ಮೋಟರು ನಿಲ್ಲುವುದಕ್ಕೆ, ಚಾಲೂ ಆಗುವುದಕ್ಕೆ ಲೆಕ್ಕವೆಲ್ಲಿ? ದಿನವಿಡೀ ಬೆಳಗುತ್ತಿತ್ತು. ಬೆಳಗಿದಾಗಲೆಲ್ಲ ಗುರುಸಿದ್ದವ್ವ ರಾಟೆ ಬಿಟ್ಟು, ಮೊಣಕಾಲಿಗೆ ಕೈ ಕೊಟ್ಟು, "ಶಿವನs" ಎಂದು ಏಳುವಳು. ಮಾಡದ ತನಕ ನಡೆದು, ಕಣ್ಣು ಕಿರಿದು ಮಾಡಿ ನೋಡುವಳು. ಅಷ್ಟು ಹೊತ್ತಿಗೆ ಬೆಳಕು ಆರಿರುತ್ತಿತ್ತು. ಸಂಜೆಯ ದೀಪಕ್ಕೆ ಕೈಮುಗಿದು ರೂಢಿಯಾದವಳು, ಆರಿದ ಫೋನಿಗೂ ಕೈಮುಗಿದು ಬರುವಳು.

"ಯವ್ವಾ, ಅದು ಕರೆಂಟಿಂದ ಹತ್ತತೈತಿ," ಎಂದು ಕೊಟ್ರೇಶ ಎದುರು ನಿಂತು ತುಟಿ ಬಿಡಿಸಿ ಬಿಡಿಸಿ ಹೇಳಿದ. "ಫೋನ್ ಅಲ್ಲ. ಸುಳ್ಳ ಬೆಳಕು."

"ನಿನಗೇನ ಗೊತ್ತಲೇ?" ಎಂದಳು ಆಕೆ. "ನಿಮ್ಮಪ್ಪ ನಾಕ ನಂಬರ ಒತ್ತತಾರ, ಐದನೇದ್ದು ಮರೀತಾರ. ಅಷ್ಟಕ್ಕs ಬೆಳಕ ಬಂದು ಹೋಗತೈತಿ. ದಿನಾ ಹಾಡಸ್ತಿದ್ದಾಕಿ ನಾನು, ನನಗ ತಿಳಿಯೂದಿಲ್ಲೇನು?"

ಕೊಟ್ರೇಶ ನಂಬರು ಪೂರ್ತಿ ಒತ್ತದೆ ಫೋನು ಬರುವುದಿಲ್ಲವೆಂದು ತಿಳಿಸಿ ಹೇಳಲು ಹೋದ. ಆಕೆ ಮುಖ ಆಚೆ ತಿರುಗಿಸಿದಳು. ಕಣ್ಣಿನಿಂದ ಕೇಳುವವರ ಹತ್ತಿರ ಇದೊಂದು ಅನುಕೂಲ ನೋಡಿ, ಬೇಡದ ಮಾತಿಗೆ ಮುಖ ತಿರುಗಿಸಿದರೆ ಸಾಕು, ಮಾತೇ ಇರುವುದಿಲ್ಲ.

ಒಂದು ದಿನ ಆಕೆ ಬೆಳಕು ಕಂಡು ಗಡಬಡಿಸಿ ಎದ್ದವಳು ನೂಲಿನ ಲಡಿಗೆ ಕಾಲು ತೊಡರಿ ಬಿದ್ದಳು. ಮುಂಗೈ ಬಾತುಕೊಂಡು ಬದನೆಕಾಯಿಯಾಯಿತು. ಸೊಂಟ ಹಿಡಿಯಿತು. ಡಾಕ್ಟರು ಪಟ್ಟಿ ಕಟ್ಟಿ, ಮುದುಕಿಯನ್ನು ಏಳಗೊಡಬೇಡಿ ಎಂದರು. ಮರುದಿನವೇ ಬೆಳಕು ಬಂತು, ಆಕೆ ಗೋಡೆ ಹಿಡಿದುಕೊಂಡು ಎದ್ದಳು. ಇನ್ನೊಮ್ಮೆ ಬಂತು, ತೆವಳಿಕೊಂಡೇ ಹೋದಳು. ಅದನ್ನು ನೋಡುತ್ತಾ ನಿಂತಿದ್ದ ಕೊಟ್ರೇಶನಿಗೆ ಅಪ್ಪನಂತೂ ಹೋದ, ಇರುವ ಅವ್ವನನ್ನು ಈ ಬೆಳಕು ಕೊಲ್ಲುತ್ತದೆ ಎನ್ನಿಸಿತು. ಶಾಂಭವಿಯ ಹತ್ತಿರವೂ ಆಡಲಿಲ್ಲ. ಅವ್ವ ಮಲಗಿದ್ದಾಗ ಫೋನು ಕಿತ್ತುಕೊಂಡು ತಸ್ಲೀಮಳ ಅಂಗಡಿಗೆ ನಡೆದ.

ತಸ್ಲೀಮ ಬೆಟಗೇರಿಯ ಬಸ್‌ಸ್ಟಾಪಿನ ಹಿಂದೆ ಮೊಬೈಲು ರಿಪೇರಿ ಅಂಗಡಿ ಇಟ್ಟವಳು. ಮಾತಿಗೆ ಮುಂಚೆ ನಗುವ ಹೆಂಗಸು.

"ಚಾರ್ಜ್ ಹಾಕಿದಾಗ ಲೈಟ್ ಹತ್ತಬಾರದು. ಅಷ್ಟ ಮಾಡಿಕೊಡ ತಂಗಿ," ಎಂದ ಕೊಟ್ರೇಶ.

"ಹತ್ತಿದ್ರ ಏನಾತ್ರಿ ಅಣ್ಣಾರ? ಎಲ್ಲಾರ ಫೋನೂ ಹತ್ತತಾವ."

ಕೊಟ್ರೇಶ ಹೇಳಿದ. ಕೇಳುತ್ತಾ ಕೇಳುತ್ತಾ ಆಕೆಯ ನಗು ಇಳಿಯಿತು. ಸೆಟ್ಟಿಂಗಿನೊಳಗೆ ಹೊಕ್ಕು ಮೇಲೆ ಕೆಳಗೆ ಹುಡುಕಿದಳು. "ಇದಕ್ಕಂತ ಬ್ಯಾರೆ ಸ್ವಿಚ್ ಕೊಟ್ಟಿಲ್ರಿ ಇದರಾಗ. ಮಕಾಡಿ ಹಾಕಿ ಇಡ್ರಿ ಅಂದ್ರ, ಖರೇ ಫೋನ್ ಬಂದ್ರೂ ಕಾಣೂದಿಲ್ಲ. ಒಂದ ಆ್ಯಪ್ ಐತಿ, ಹಾಕತೇನಿ. ಕರೆಂಟ್ ಬಂದ ಕೂಡಲೆ ಸ್ಕ್ರೀನ್ ಆರಸತೈತಿ. ಫೋನ್ ಬಂದ್ರ ಮಾತ್ರ ಹತ್ತತೈತಿ."

ಹಾಕಿ ತೋರಿಸಿದಳು. ವಾಯರು ಚುಚ್ಚಿದಳು, ಕಿತ್ತಳು, ಚುಚ್ಚಿದಳು. ಸ್ಕ್ರೀನು ಕಪ್ಪಗೇ ಇತ್ತು. ತನ್ನ ಫೋನಿನಿಂದ ರಿಂಗು ಕೊಟ್ಟಳು, ಝಗ್ಗನೆ ಬೆಳಗಿತು. ಕೊಟ್ರೇಶ ಉಸಿರು ಬಿಟ್ಟ.

"ಅಮ್ಮಾರಿಗೆ ಹೇಳೀರಿ ಹೌದಿಲ್ಲೋ, ಹಿಂಗ ಮಾಡಸಾಕತ್ತೇನಿ ಅಂತ?" ಎಂದು ಕೇಳಿದಳು ತಸ್ಲೀಮ.

"ಹೂಂ," ಎಂದುಬಿಟ್ಟ ಕೊಟ್ರೇಶ.

ಹೇಳಿರಲಿಲ್ಲ, ಹೇಳಲೂ ಇಲ್ಲ. ಅವನ ಲೆಕ್ಕವೇ ಬೇರೆ. ಹೇಳಿದರೆ ಆಕೆ, ಇನ್ನು ಬಂದದ್ದೆಲ್ಲ ಖರೇ ಬೆಳಕೇ ಎಂದು ಇನ್ನಷ್ಟು ಬಿಗಿಯಾಗಿ ಕಾಯುತ್ತಾಳೆ. ಹೇಳದಿದ್ದರೆ ಮೆಲ್ಲಗೆ ಮರೆಯುತ್ತಾಳೆ, ಏಳುವುದು ಕಮ್ಮಿಯಾಗುತ್ತದೆ, ಕಾಲು ಸೊಂಟ ವಾಸಿಯಾಗುತ್ತದೆ, ದುಃಖವೂ ಒಂದು ದಿನ ತಣ್ಣಗಾಗುತ್ತದೆ. ಮಗನ ಮನಸ್ಸಿನಲ್ಲಿ ಕೆಟ್ಟದ್ದು ಒಂದು ಎಳೆಯಷ್ಟೂ ಇರಲಿಲ್ಲ. ಅದೇ ನೋಡಿ ಸಂಕಟ.

ಮಾಡದಲ್ಲಿ ಫೋನು ಮತ್ತೆ ಕೂತಿತು. ಪಕ್ಕದ ಮನೆಯ ಮೋಟರು ಚಾಲೂ ಆಯಿತು, ಬಲ್ಬು ಮಿಟುಕಿತು, ಫೋನು ಬೆಳಗಲಿಲ್ಲ. ಗುರುಸಿದ್ದವ್ವ ಬಲ್ಬು ನೋಡಿದಳು, ಫೋನು ನೋಡಿದಳು. ಆ ದಿನ ಒಮ್ಮೆಯೂ ಏಳಲಿಲ್ಲ. ಕೊಟ್ರೇಶನಿಗೆ ಎಷ್ಟೋ ದಿನದ ಮೇಲೆ ರೊಟ್ಟಿ ರುಚಿಸಿತು. "ಇವತ್ತ ಅತ್ತೀ ಸುಮ್ಮನ ಕುಂತಾರ್ರೀ," ಎಂದು ಶಾಂಭವಿ ಬೆರಗಾದಳು. ಅವನು ಅವಳಿಗೆ ಆಗ ಗುಟ್ಟು ಹೇಳಿದ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ಸ್ವಲ್ಪ ಹೊತ್ತು ನಿಂತಿತು.

ಮರುದಿನವೂ ಬೆಳಕಿಲ್ಲ. ಅದರ ಮರುದಿನವೂ ಇಲ್ಲ. ಗುರುಸಿದ್ದವ್ವ ಎಡೆಬಿಡದೆ ಮಾಡವನ್ನೇ ದಿಟ್ಟಿಸಿದಳು. ನೂಲು ಹರಿದು ರಾಟೆ ಖಾಲಿ ತಿರುಗುತ್ತಿದ್ದರೂ ಗಮನವಿರಲಿಲ್ಲ. ಎದ್ದು ಹೋಗಿ ವಾಯರು ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿದಳು. ಮಾಡದ ಧೂಳು ಒರೆಸಿದಳು. ಊಟಕ್ಕೆ ಕರೆದರೆ ಬೇಡ ಎಂದಳು. ಒಂದು ಸಂಜೆ ಮಗನನ್ನು ಕರೆದು ಕೇಳಿದಳು.

"ಕೊಟ್ರ್ಯಾ, ಬೆಳಕ ಯಾಕ ಬರವಲ್ದು?"

ಕೊಟ್ರೇಶ ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದ. ಆದರೆ ಆಕೆಯ ಪಟ್ಟಿ ಕಟ್ಟಿದ ಕೈ ಕಣ್ಣಿಗೆ ಬಿತ್ತು, ತೆವಳಿದ್ದು ನೆನಪಾಯಿತು. "ಗೊತ್ತಿಲ್ಲ ಯವ್ವಾ," ಎಂದು ತಲೆಯಾಡಿಸಿದ. ಆಕೆ ಅವನ ತುಟಿಯನ್ನೇ ನೋಡಿ, "ಹೌದಾ," ಎಂದಳು.

ಮರುದಿನ ಬೆಳಿಗ್ಗೆ ಶಾಂಭವಿ ಕಿರುಚಿದ್ದು ಕೇಳಿ ಕೊಟ್ರೇಶ ಬಚ್ಚಲಿನಿಂದ ಓಡಿಬಂದ. ಗುರುಸಿದ್ದವ್ವ ಮಿಂದು ರಾಟೆಯ ಹತ್ತಿರ ಕೂತಿದ್ದಳು. ಹಣೆ ಬೋಳಾಗಿತ್ತು. ಕೈ ಬರಿದಾಗಿತ್ತು. ಆಕೆಯ ಹಸಿರು ಬಳೆಗಳು ಮಾಡದಲ್ಲಿ ಫೋನಿನ ಮುಂದೆ ಇದ್ದವು. ಒಡೆದಿರಲಿಲ್ಲ, ಬಾತ ಮುಂಗೈಯಿಂದ ಅದು ಹೇಗೆ ತೆಗೆದಳೋ, ಸೋಪು ಹಚ್ಚಿ ಒಂದೊಂದಾಗಿ ತೆಗೆದಿಟ್ಟಿದ್ದಳು.

"ಯತ್ತೀ, ಏನ ಮಾಡಿಕೊಂಡ್ರಿ ಇದು!" ಎಂದು ಶಾಂಭವಿ ಆಕೆಯ ಗಲ್ಲ ಹಿಡಿದು ಅತ್ತಳು.

"ಇರೂತನಕ ಅರ್ಧಾ ಮರ್ಧಾನರ ಒತ್ತತಿದ್ರು," ಎಂದಳು ಗುರುಸಿದ್ದವ್ವ. ದನಿ ಗಟ್ಟಿಯಾಗಿತ್ತು, ಕೆಪ್ಪರ ದನಿ ಯಾವಾಗಲೂ ಗಟ್ಟಿಯೇ. "ಈಗ ಅದೂ ನಿಂತೈತಿ. ಅದರ ಅರ್ಥ ಏನಂತ ನನಗ ಬಿಡಿಸಿ ಹೇಳಬೇಕೇನು? ಹ್ವಾದ್ರು ಅವರು. ಯಾವ ಊರಾಗೋ, ಯಾವ ಕಟ್ಟಿ ಮ್ಯಾಲೋ."

ಶಾಂಭವಿ ಗಂಡನ ಮುಖ ನೋಡಿದಳು. ಈಗಲಾದರೂ ಹೇಳ್ರಿ ಎಂದು ಕಣ್ಣಲ್ಲೇ ಬೇಡಿದಳು. ಕೊಟ್ರೇಶ ಕಂಬಕ್ಕೆ ಒರಗಿ ನಿಂತುಬಿಟ್ಟ. ಅವನ ಮನಸ್ಸಿನೊಳಗೂ ಅಪ್ಪ ಸತ್ತು ಎಷ್ಟೋ ದಿನವಾಗಿತ್ತಲ್ಲ. ಹೇಗೂ ಒಂದು ದಿನ ಆಗಬೇಕಾದದ್ದು ಆಗಿಹೋಯಿತು, ಇನ್ನು ಅವ್ವ ಅತ್ತು ಹಗುರಾಗುತ್ತಾಳೆ, ಅದನ್ನು ಮತ್ತೆ ಕೆದಕುವುದೇಕೆ ಎಂದುಕೊಂಡ. ಸುಮ್ಮನಿದ್ದ. ಬಾಯಿ ಇದ್ದವನು ಸುಮ್ಮನಿದ್ದ!

ಗುರುಸಿದ್ದವ್ವ ಅಳಲೂ ಇಲ್ಲ. ರಾಟೆಯನ್ನು ಎಳೆದು ತಿರುಗಿಸಿ ಮಾಡಕ್ಕೆ ಬೆನ್ನು ಹಾಕಿ ಕೂತಳು. ಎದುರಿಗೆ ಸುಣ್ಣದ ಗೋಡೆ. ಕಂಡಿಕೆ ಸುತ್ತಿದಳು.

ಫೋನು ಬಂದದ್ದು ಆ ವಾರದಲ್ಲೇ.

ಬಂದಾಗ ಯಾರಿಗೂ ತಿಳಿಯಲಿಲ್ಲ. ಹೊತ್ತೇರುವ ಸಮಯ, ಓಣಿಯ ಮಗ್ಗಗಳೆಲ್ಲ ಜೋರಿನಲ್ಲಿದ್ದವು. ಕೊಟ್ರೇಶ ಒಳಗಿನ ಮಗ್ಗದಲ್ಲಿ ಹರಿದ ಎಳೆಗಳನ್ನು ಕಟ್ಟುತ್ತಾ ಬಗ್ಗಿದ್ದ. ಶಾಂಭವಿ ನಲ್ಲಿಗೆ ಹೋಗಿದ್ದಳು. ಗುರುಸಿದ್ದವ್ವ ಗೋಡೆ ನೋಡುತ್ತಾ ರಾಟೆ ತಿರುಗಿಸುತ್ತಿದ್ದಳು. ತಸ್ಲೀಮ ಸುಳ್ಳು ಹೇಳಿರಲಿಲ್ಲ. ಖರೇ ಫೋನಿಗೆ ಸ್ಕ್ರೀನು ಬೆಳಗಿರಲೇಬೇಕು. ಮಸಿ ಹಿಡಿದ ಮಾಡದಲ್ಲಿ ಹಸಿರು ಬಳೆಗಳ ಮೇಲೆ ಆ ಬೆಳಕು ಬಿದ್ದಿರಲೇಬೇಕು.

ಮಧ್ಯಾಹ್ನ ಕರೆಂಟು ಹೋಗಿ ಓಣಿ ಒಮ್ಮೆಗೇ ಮೌನವಾಯಿತು. ಶಾಂಭವಿ ಮಾಡ ಒರೆಸಲು ಫೋನು ಎತ್ತಿದವಳು ಹಾಗೇ ನಿಂತಳು.

"ಏನ್ರೀ, ಇಲ್ಲಿ ಬರ್ರಿ. ಎರಡ ಸರ್ತಿ ಬಂದೈತಿ. ಗೊತ್ತಿಲ್ಲದ ನಂಬರ."

ಕೊಟ್ರೇಶ ಆ ನಂಬರಿಗೆ ತನ್ನ ಫೋನಿನಿಂದ ಹಚ್ಚಿದ. ಏನೋ ಜಾಹೀರಾತಿನದಿರಲಿ ಎಂದು ಬೇಡಿಕೊಂಡ. ತಾನು ಏನು ಬೇಡಿಕೊಳ್ಳುತ್ತಿದ್ದೇನೆಂದು ತಿಳಿದು ನಾಚಿಕೆಯಾಯಿತು. ಆ ಕಡೆಯಿಂದ ಒಬ್ಬ ಗಂಡಸು, ಹಿಂದೆ ಬಸ್ಸಿನ ಹಾರನ್ನು, ಕಪ್ಪು ಬಸಿಗಳ ಸಪ್ಪಳ.

"ಹಾಂ, ನಾ ಸೋಮೇಶ್ರಿ. ಮುಂಡರಗಿ ಬಸ್‌ಸ್ಟ್ಯಾಂಡ್ ಕಡೆ ಚಾದ ಅಂಗಡಿ. ಮುಂಜಾನೆ ನಾನs ಹಚ್ಚಿದ್ದೆ. ಒಬ್ಬ ಅಜ್ಜಾರು ಬಂದಿದ್ರು. ಮನಿಗೆ ಫೋನ್ ಹಚ್ಚಿಕೊಡಪಾ ಅಂದ್ರು."

"ಅಜ್ಜ ಅಂದ್ರ..." ಕೊಟ್ರೇಶ ಫೋನನ್ನು ಕಿವಿಗೆ ಒತ್ತಿಕೊಂಡ. "ಹ್ಯಾಂಗಿದ್ರು? ಹೆಸರೇನ ಹೇಳಿದ್ರು?"

"ಹೆಸರ ಕೇಳಿದ್ರ ಹೇಳಲಿಲ್ರಿ, ನೆನಪಿರಲಿಲ್ಲೋ ಏನೋ. ಗಡ್ಡಾ ಇಷ್ಟುದ್ದ ಬಿಟ್ಟಿದ್ರು. ಆದ್ರ ನಂಬರ ಮಾತ್ರ ಪಕ್ಕಾ ಹೇಳಿದ್ರ ನೋಡ್ರಿ. ಮೊಣಕಾಲ ಮ್ಯಾಲೆ ತಟಗೋತ, ಹಾಡ ಹಾಡಿದಂಗ. ನಮ್ಮ ಅಂಗಡ್ಯಾಗಿನ ಮಂದಿ ಎಲ್ಲಾ ನಗಾಕತ್ರು. ಒಂದ ಸರ್ತಿ ಹಚ್ಚಿದೆ, ನೀವು ಎತ್ತಲಿಲ್ಲ. ಇನ್ನೊಂದ ಸರ್ತಿ ಹಚ್ಚಿದೆ, ಎತ್ತಲಿಲ್ಲ."

ಕೊಟ್ರೇಶ ಅಲ್ಲೇ ಮಗ್ಗದ ಕಟ್ಟಿಗೆಯ ಮೇಲೆ ಕೂತ. ಸೋಮೇಶ ಮುಂದುವರಿಸಿದ.

"ಯಾರೂ ಎತ್ತವಲ್ರು ಅಜ್ಜಾರ ಅಂದೆ. ಅದಕ್ಕ ಅವರು, ಮಗ್ಗ ನಡದಾವಪಾ, ಅವರಿಗೆ ಕೇಳೂದಿಲ್ಲ ಅಂದ್ರು. ನಮ್ಮಾಕಿ ಬೆಳಕ ನೋಡತಾಳ, ನೋಡೇ ನೋಡತಾಳ ಅಂದ್ರು. ಚಾ ಕೊಟ್ಟೆ, ಕುಡಿದ್ರು. ಬೆಂಚಿನ ಮ್ಯಾಲೆ ಬಾಳೊತ್ತು ಕುಂತಿದ್ರು. ನಾ ಗಿರಾಕಿ ನೋಡಿ ತಿರುಗೂದ್ರಾಗ ಇರಲಿಲ್ರಿ."

"ಯಾವ ಕಡೆ ಹ್ವಾದ್ರು?"

"ಬಸ್ಸ ಬಾಳ ನಿಂತಿದ್ವು ಅಣ್ಣಾರ. ಹೆಂಗ ಹೇಳ್ಲಿ?"

ಕೊಟ್ರೇಶ ಅವತ್ತೇ ಮುಂಡರಗಿಗೆ ಹೋದ. ಸೋಮೇಶ ಫೋಟೊ ನೋಡಿ, ಹೌದು, ಇವರೇ, ಈಗ ಅರ್ಧ ಆಗಿದ್ದಾರೆ ಎಂದ. ಬೆಂಚು ತೋರಿಸಿದ. ಕೊಟ್ರೇಶ ಆ ಬೆಂಚಿನ ಮೇಲೆ ಕೈಯಾಡಿಸಿದ, ಕಟ್ಟಿಗೆಯ ಬೆಂಚು ಅಷ್ಟೇ. ಗುಡಿ, ಸಂತೆ, ಸ್ಟ್ಯಾಂಡು, ಹೊಳೆಯ ದಂಡೆ ಒಂದನ್ನೂ ಬಿಡಲಿಲ್ಲ. ಓಣಿಯ ಮಂದಿ ಮಗ್ಗ ಬಿಟ್ಟು ಜೊತೆಗೆ ಬಂದರು, ಪೊಲೀಸರೂ ಹುಡುಕಿದರು. ದಿನಗಳು ಕಳೆದವು. ದ್ಯಾಮಪ್ಪ ಯಾವ ಬಸ್ಸು ಹತ್ತಿದನೋ, ಎಲ್ಲಿ ಇಳಿದನೋ, ಯಾರಿಗೂ ತಿಳಿಯಲಿಲ್ಲ. ಒಮ್ಮೆ ಬಂದ ಫೋನು ಮತ್ತೆ ಬರಲಿಲ್ಲ.

ಅವ್ವನಿಗೆ ಮೊದಲ ದಿನವೇ ಹೇಳಬೇಕಾಯಿತು, ಮನೆಯೆಲ್ಲ ಎದ್ದು ಓಡಾಡುವಾಗ ಮುಚ್ಚಿಡುವುದು ಹೇಗೆ? ಶಾಂಭವಿಯೇ ಎದುರು ಕೂತು ಹೇಳಿದಳು. ಗುರುಸಿದ್ದವ್ವ ಸೊಸೆಯ ತುಟಿಗಳನ್ನು ರೆಪ್ಪೆ ಮಿಟುಕಿಸದೆ ನೋಡಿದಳು.

"ನಂಬರ ಹೇಳಿದ್ರಂತ? ಅವರs?"

"ಹೂನ್ರಿ ಅತ್ತೀ."

"ಪೂರಾ?"

"ಪೂರಾ."

ಒಂದು ಗಳಿಗೆ ಆಕೆಯ ಮುಖ ಅರಳಿತು. ಅದನ್ನು ನೋಡಿದ ಶಾಂಭವಿಗೆ ಸಾಯುವ ತನಕ ಮರೆಯಲಾಗದು. "ನಾ ಹೇಳಿರಲಿಲ್ಲ? ನಿಂದ್ರತೈತಿ ಅಂತ ಹೇಳಿರಲಿಲ್ಲ?" ಎಂದು ನಕ್ಕಳು. ಆಮೇಲೆ ನಗು ಮುಖದ ಮೇಲೆಯೇ ಸತ್ತಿತು. ಬಾತ ಕೈಯನ್ನು ಎತ್ತಿ ತನ್ನ ಬೋಳು ಹಣೆ ಮುಟ್ಟಿಕೊಂಡಳು.

"ಅವರು ಇದ್ದಾಗs ಅಳಿಸಿಬಿಟ್ಟೆನಲ್ಲ ಬೇ," ಎಂದಳು. "ಬೆಳಕ ಬಂದಾಗ ಬೆನ್ನ ಹಾಕಿ ಕುಂತೆನಲ್ಲ. ನಾನs ಕಳಿಸಿದಂಗಾತು."

ಕೊಟ್ರೇಶ ಮುಂಡರಗಿಯಿಂದ ಸೋತು ಬಂದ ದಿನ ಆಕೆ ಮಾಡದಿಂದ ಬಳೆಗಳನ್ನು ಮಡಿಲಿಗೆ ಹಾಕಿಕೊಂಡು ಕೂತಿದ್ದಳು. "ತೊಟ್ಟುಕೊಳ್ಳಲ್ಯೋ, ಬ್ಯಾಡೋ?" ಎಂದು ಮಗನನ್ನು ಕೇಳಿದಳು. ಇದ್ದಾನೆ ಎಂದು ಹೇಳಲು ಅವನಿಗೆ ಧೈರ್ಯವಿರಲಿಲ್ಲ, ಇಲ್ಲ ಎನ್ನಲು ನಾಲಗೆ ಇರಲಿಲ್ಲ. ಬಳೆಗಳು ಮತ್ತೆ ಮಾಡಕ್ಕೇ ಹೋದವು.

ಮರುದಿನ ಬೆಳಿಗ್ಗೆಯೇ ಅವನು ಫೋನು ತೆಗೆದುಕೊಂಡು ತಸ್ಲೀಮಳ ಅಂಗಡಿಗೆ ಹೋಗಿ ಆ ಆ್ಯಪು ತೆಗೆಸಿದ. ಮನೆಗೆ ಬಂದು ಫೋನನ್ನು ಮಾಡದಲ್ಲಿಟ್ಟು ವಾಯರು ಚುಚ್ಚಿದ. ಗುರುಸಿದ್ದವ್ವ ಅಷ್ಟರಲ್ಲಾಗಲೇ ರಾಟೆ ತಿರುಗಿಸಿಕೊಂಡು ಮೊದಲಿನ ಹಾಗೆ ಮಾಡಕ್ಕೆ ಎದುರಾಗಿ ಕೂತಿದ್ದಳು. ಆಕೆಯ ಮುಂದೆ ಕೊಟ್ರೇಶ ನೆಲಕ್ಕೆ ಮಂಡಿಯೂರಿ ಕೂತ. ಅವ್ವನ ಬಾತ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಯವ್ವಾ, ಬೆಳಕ ನಾ ಬಂದ್ ಮಾಡಿಸಿದ್ದೆ," ಎಂದ. "ಅಪ್ಪ ನಿಲ್ಲಿಸಿದ್ದಲ್ಲ. ನಿನ್ನ ತಪ್ಪಲ್ಲ ಇದು. ನಾನ ಮಾಡಿಸಿದ್ದು. ನೀ ಬೀಳತಿ ಅಂತ ಮಾಡಿಸಿದೆ ಯವ್ವಾ. ನಿನಗ ಹೇಳಲಿಲ್ಲ."

ಅವನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಅವನು ಮತ್ತೊಮ್ಮೆ ಹೇಳಿದ, ತುಟಿ ಬಿಡಿಸಿ ಬಿಡಿಸಿ ಹೇಳಿದ. ಆಗ ತಿಳಿಯಿತು, ಆಕೆ ಅವನನ್ನು ನೋಡುತ್ತಲೇ ಇರಲಿಲ್ಲ. ಆಕೆಯ ಕಣ್ಣು ಅವನ ಹೆಗಲ ಮೇಲಿಂದ ಹಾದು ಮಾಡದಲ್ಲಿ ನೆಟ್ಟಿತ್ತು. ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಬೇಕೆಂದು ಕೈ ಎತ್ತಿದ. ಆ ಒಂದು ಗಳಿಗೆಯಲ್ಲೇ ಬೆಳಕು ಬಂದರೆ? ಎತ್ತಿದ ಕೈಯನ್ನು ಇಳಿಸಿದ. ಅದಾದ ಮೇಲೂ ಎಷ್ಟೋ ಸಲ ಹೇಳಲು ಕೂತ, ಆ ಕಣ್ಣು ಒಮ್ಮೆಯೂ ಅವನಿಗೆ ಸಿಗಲಿಲ್ಲ.

ಅವತ್ತು ಅವನು ಅಲ್ಲೇ ಕೂತಿರುವಾಗ ಪಕ್ಕದ ಮನೆಯವರು ಮೋಟರು ಚಾಲೂ ಮಾಡಿದರು. ಬಲ್ಬು ಮಿಟುಕಿತು, ಮಾಡದಲ್ಲಿ ಫೋನು ಟಕ್ಕನೆ ಬೆಳಗಿತು. ಗುರುಸಿದ್ದವ್ವ ಮೊಣಕಾಲಿಗೆ ಕೈ ಕೊಟ್ಟು, "ಶಿವನs" ಎಂದು ಎದ್ದಳು. ಕರೆಂಟಿನ ಬೆಳಕೆಂದು ಕೊಟ್ರೇಶನಿಗೆ ಗೊತ್ತಿತ್ತು. ಆದರೂ ಆಕೆಗಿಂತ ಮುಂಚೆ ಮಾಡದ ಹತ್ತಿರ ಅವನೇ ಓಡಿದ.